ಬಾಗಿಲ ಕುರ್ಚಿ ಮತ್ತು ನನ್ನ ಪ್ರೋಟೀನು

ಸವಣೂರಿನ ನಮ್ಮ ಮನೆಯ ತಲಬಾಗಿಲಿನ ಒಳಮಗ್ಗುಲಿಗೆ ಅಪ್ಪನ ಕುರ್ಚಿ ಇದೆ. ಸಂಸ್ಕೃತ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅಪ್ಪ ಅದನ್ನು ಬಿಟ್ಟು ಕದಲಿದ್ದೇ ಅಪರೂಪ. ಹೊರಗಿನ ಸುದ್ದಿಯೆಲ್ಲ ಅವರನ್ನು ದಾಟಿಯೇ ಅಡಿಗೆಮನೆಯ ಅವ್ವನನ್ನು ಮುಟ್ಟಬೇಕು. ಎಲ್ಲವನ್ನೂ ಅವರು ಒಳಗೆ ಬಿಡುವುದಿಲ್ಲ. ಹಾನಗಲ್ಲಿನ ಅತ್ತೆ ಜಾರಿ ಬಿದ್ದದ್ದು ಅವ್ವನಿಗೆ ಗೊತ್ತಾದದ್ದು ಅತ್ತೆ ಎದ್ದು ಓಡಾಡತೊಡಗಿದ ಮೇಲೆ. ಅವ್ವ ಸಿಟ್ಟಿಗೆದ್ದರೆ, ಅವಸರದ ಸುದ್ದಿ ಅರ್ಧ ಸುಳ್ಳಿರುತ್ತದೆ ಎಂದು ಅಪ್ಪ ಪೇಪರು ತಿರುವುತ್ತಾರೆ.

ಧಾರವಾಡದಲ್ಲಿ ಪಿಎಚ್‌ಡಿಗೆಂದು ನಾನು ಹಿಡಿದದ್ದೂ ಹೆಚ್ಚುಕಡಿಮೆ ಇದೇ ಉದ್ಯೋಗದ ಒಂದು ಪ್ರೋಟೀನನ್ನು. ಜೀವಕೋಶಕ್ಕೆ ಹೊರಗಿನಿಂದ ಸಂದೇಶಗಳು ಬರುತ್ತವೆ: ಬೆಳೆ, ನಿಲ್ಲು, ಒಡೆದು ಎರಡಾಗು. ಅವು ನಡುವಿನ ಕೋಶಕೇಂದ್ರಕ್ಕೆ ಮುಟ್ಟಿದರೆ ಕೆಲಸ ಶುರುವಾಗುತ್ತದೆ. ನನ್ನ ಪ್ರೋಟೀನು ಅವುಗಳಲ್ಲಿ ಕೆಲವನ್ನು ತಡೆಯುತ್ತದೆಂದು ಗೊತ್ತಿತ್ತು. ಎಲ್ಲಿ ಕೂತು ತಡೆಯುತ್ತದೆ ಎನ್ನುವುದು ಗೊತ್ತಿರಲಿಲ್ಲ. ಅದರ ಬಾಲಕ್ಕೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಜೋಡಿಸಿ, ಸೂಕ್ಷ್ಮದರ್ಶಕದಲ್ಲಿ ಅದರ ಠಿಕಾಣಿ ಹುಡುಕುವುದೇ ನನ್ನ ಕೆಲಸ.

ಚಿತ್ರ ಝಗಮಗ ಬರಲೆಂದು, ಕೋಶಗಳು ಅದನ್ನು ಮಾಮೂಲಿಗಿಂತ ಬಹಳ ಹೆಚ್ಚು ತಯಾರಿಸುವಂತೆ ಮಾಡಿದೆ. ಕೋಶಕೇಂದ್ರವೆಲ್ಲ ಹಸಿರೋ ಹಸಿರು. ಅದು ಅಲ್ಲಿರುತ್ತದೆಂದು ಯಾರೂ ಹೇಳಿರಲಿಲ್ಲ. ಸೋಮವಾರ ವಿಭಾಗದವರ ಮುಂದೆ ಈ ಮಾತು ಹೇಳಿ ದಾಟಿಸಿಬಿಟ್ಟರೆ ಪ್ರಬಂಧ ಬರೆಯಲು ಅಪ್ಪಣೆ ಸಿಗುತ್ತಿತ್ತು. ಐದು ವರ್ಷದ ದುಡಿಮೆ ದಡ ಸೇರುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿಯಾಗಿ ಶನಿವಾರ ಮನೆಗೆ ಬಂದೆ.

ಅವ್ವ ಮೊಬೈಲಿನಲ್ಲಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. ದಿನಾ ಇದು ಎಷ್ಟಿರುತ್ತದೆ ಎಂದು ಕೇಳಿದಳು. ಸ್ವಲ್ಪವೇ, ಕಾಣಲೆಂದು ನಾನೇ ಹತ್ತಾರು ಪಟ್ಟು ಹೆಚ್ಚಿಸಿದ್ದೇನೆ ಎಂದು ಜಂಬದಿಂದ ಹೇಳಿದೆ. ಅವ್ವ ಕೈ ಒರೆಸಿಕೊಂಡು ಹೋಗಿ ಅಕ್ಕನ ನಿಶ್ಚಯದ ಆಲ್ಬಮ್ ತಂದಳು. ಆ ದಿನ ಹಿರೇಕೆರೂರಿನ ಬೀಗರು ಒಂದು ಟೆಂಪೊ ಮಂದಿ ಬರುತ್ತೇವೆಂದು ಹೇಳಿ ಮೂರು ಟೆಂಪೊ ತುಂಬಿಕೊಂಡು ಬಂದಿದ್ದರು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋಟೋದಲ್ಲಿ ಅಪ್ಪ ಉಗ್ರಾಣದ ಅಕ್ಕಿಚೀಲದ ಮೇಲೆ ಕೂತು, ತೊಡೆಯ ಮೇಲೆ ತಾಟು ಇಟ್ಟುಕೊಂಡು ಹೋಳಿಗೆ ತಿನ್ನುತ್ತಿದ್ದಾರೆ.

"ಇದೊಂದ ಫೋಟೋ ನೋಡಿದವರು, ನಿಮ್ಮಪ್ಪ ಉಗ್ರಾಣದಾಗ ಇರ್ತಾರ ಅಂತಾರ," ಎಂದಳು ಅವ್ವ. "ಮಂದಿ ಹೆಚ್ಚಾದ ದಿನಾ ಯಾರು ಎಲ್ಲೆ ಕೂತಾರ ಅನ್ನೋದು ಖರೆ ಏನು? ದಿನಾ ಇರೋವಷ್ಟ ಇಟ್ಟು ನೋಡೀಯೇನು?"

ಇದು ಅಡಿಗೆಮನೆಯ ಮಾತಲ್ಲ ಎಂದು ರೇಗಿದೆ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ತಾಟನ್ನೂ ಸರಿಸಿ ಬಸ್ಸು ಹತ್ತಿದೆ. ಬಂಕಾಪುರದವರೆಗೂ ಅವ್ವನ ಮೇಲೆ ಸಿಟ್ಟಿತ್ತು. ಶಿಗ್ಗಾಂವಿ ಬರುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೆಯೇ ತಿರುಗಿತು. ಹೆಚ್ಚು ತುರುಕಿದರೆ ಪ್ರೋಟೀನು ತನ್ನದಲ್ಲದ ಜಾಗದಲ್ಲೂ ತುಂಬಿಕೊಳ್ಳುತ್ತದೆ ಎನ್ನುವುದನ್ನು ಮೊದಲ ವರ್ಷವೇ ಓದಿದ್ದೆ. ಚಿತ್ರದ ಚಂದಕ್ಕೆ ಮರುಳಾಗಿ ಅದನ್ನು ಮರೆತಂತೆ ನಟಿಸಿದ್ದೆ. ನಾಚಿಕೆಯಾಯಿತು. ಹೊಟ್ಟೆ ಬೇರೆ ಚುರುಗುಡುತ್ತಿತ್ತು.

ಸೋಮವಾರ ನಾನು ಚಿತ್ರ ತೋರಿಸಲಿಲ್ಲ. ಮಾರ್ಗದರ್ಶಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಗಿದ್ದರೆ ಇನ್ನೊಂದು ವರ್ಷ ಎಂದರು. ಈ ಸಲ ಹಸಿರು ಬಾಲವನ್ನು ಕೋಶದ ಸ್ವಂತ ಜೀನಿಗೇ ಜೋಡಿಸಿದೆ. ಎಂದಿನಷ್ಟೇ ಪ್ರೋಟೀನು ತಯಾರಾಗಲಿ ಎಂದು. ಕೋಣೆ ಕತ್ತಲು ಮಾಡಿ ಕಣ್ಣು ಕಿರಿದಾಗಿಸಿ ನೋಡಿದರೂ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು: ಕೋಶದ ಅಂಚಿನ ಪೊರೆಗೆ ಹತ್ತಿಕೊಂಡ ಸಣ್ಣ ಹಸಿರು ಗೆರೆ. ಕೋಶಕೇಂದ್ರ ಕಪ್ಪಗಿತ್ತು. ನನ್ನ ದೊಡ್ಡ ಸುದ್ದಿ ಮಣ್ಣು ಮುಕ್ಕಿತ್ತು. ಅಳು ಬರಬೇಕಿತ್ತು, ಅಪ್ಪನ ನೆನಪಾಗಿ ನಗು ಬಂತು.

ಎರಡು ಸಲ ಮತ್ತೆ ನೋಡಿ, ವಿಭಾಗದವರ ಮುಂದೆ ಹೇಳಿ, ಅಪ್ಪಣೆ ಪಡೆದು ಊರಿಗೆ ಬಂದೆ. ಅಪ್ಪ ಕುರ್ಚಿಯಲ್ಲಿದ್ದರು. ಎಂದಿನಂತೆ ಕಾಲು ಅಡ್ಡ ಚಾಚಿಕೊಂಡು, ಸುದ್ದಿ ಏನು ಎಂದು ಕೇಳಿದರು. ನನ್ನ ಪ್ರೋಟೀನು ಕೋಶದ ನಡುವೆ ಇರುತ್ತದೆ ಎಂದಿದ್ದು ಸುಳ್ಳಾಯಿತು ಎಂದೆ.

"ಹಂಗಾರ ಎಲ್ಲೆ ಕೂತದ?"

"ಬಾಗಿಲದಾಗ, ಅಪ್ಪಾ. ಮೂರು ಸಲ ನೋಡೇನಿ."

ಅಪ್ಪ ಪೇಪರು ಮಡಚಿದರು. ಕಾಲು ಹಿಂದೆ ತೆಗೆದು ದಾರಿ ಬಿಟ್ಟರು.

"ಒಳಗ ಹೋಗಿ ನಿಮ್ಮವ್ವಗ ನೀನ ಹೇಳವಾ," ಎಂದರು. "ಇದನ್ನ ನಾ ತಡಿಯೂದಿಲ್ಲ."