ಶಬ್ದ ನಿಲ್ಲಿಸಿದ ಟೈಪಿಂಗ್ ಮೇಡಂ

ಟೈಪಿಂಗ್ ಮೇಡಂ ಅವರ ಬಲಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ನಡುಗೆಣ್ಣಿನಲ್ಲಿ ಕೊಕ್ಕೆಯಂತೆ ಬಾಗಿ ಹಾಗೆಯೇ ನಿಂತುಬಿಟ್ಟಿತ್ತು. ತುದಿಯ ಚರ್ಮ ಎಷ್ಟು ಗಟ್ಟಿಯಾಗಿತ್ತೆಂದರೆ ಮೊದಲ ದಿನ ಅದು ನನ್ನ ಮುಂಗೈಗೆ ತಾಗಿದಾಗ ಪೆನ್ನಿನ ಮುಚ್ಚಳವೇನೋ ಎಂದುಕೊಂಡಿದ್ದೆ. ನಾನು ಅವರ ಮುಖ ನೋಡಿದವಳಲ್ಲ. ಅವರನ್ನು ಭೇಟಿಯಾಗುವ ಹೊತ್ತಿಗೆ ನನ್ನ ಕಣ್ಣಿನಲ್ಲಿ ಉಳಿದಿದ್ದದ್ದು ಬೆಳಕಿದೆಯೋ ಇಲ್ಲವೋ ಎಂಬಷ್ಟು ಮಾತ್ರ. ಹಾಗಾಗಿ ನನ್ನ ಪಾಲಿಗೆ ಮೇಡಂ ಎಂದರೆ ಆ ಬೆರಳು, ಕೆಳಗಿನ ಗೊಬ್ಬರದ ಅಂಗಡಿಯಿಂದ ಮೆಟ್ಟಿಲು ಹತ್ತಿ ಬರುತ್ತಿದ್ದ ವಾಸನೆ, ಮತ್ತು ಯಾರಿಗೂ ತಗ್ಗದ ಒಂದು ಧ್ವನಿ.

ಹೊನ್ನಾಳಿಯಲ್ಲಿ ಆ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹಳೆಯ ಟೈಪ್‌ರೈಟರುಗಳನ್ನು ಒಂದು ಮೂಲೆಗೆ ಸರಿಸಿ ಐದು ಕಂಪ್ಯೂಟರ್ ಇಟ್ಟುಕೊಂಡಿದ್ದರು. ನ್ಯಾಮತಿಯಿಂದ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳು ಅವ್ವ. ಕಣ್ಣಿನ ಹಿಂದಿನ ಪದರ ಒಣಗುತ್ತಾ ಹೋಗುವ ಕಾಯಿಲೆ ನನ್ನದು. ಡಿಗ್ರಿಯ ಎರಡನೆಯ ವರ್ಷದಲ್ಲಿ ಪುಸ್ತಕದ ಅಕ್ಷರಗಳು ಕರಗಿಹೋದವು. ಒಂದು ವರ್ಷ ಮನೆಯ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಆ ವರ್ಷ ನಾನು ಅವ್ವನ ಜೊತೆ ಆಡಿದ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಮುಗಿಸಬಹುದಿತ್ತು.

"ಹುಡುಗಿಗೆ ಕಣ್ಣು ಕಾಣಲ್ಲ ರೀ ಮೇಡಂ. ಏನಾರ ಕಲಿಯಾಕೆ ಆಗ್ತೈತಾ?" ಎಂದು ಅವ್ವ ಕೇಳಿದಳು. ಬಾಗಿಲಲ್ಲೇ ನಿಂತಿದ್ದಳು, ಇಲ್ಲ ಎನ್ನಿಸಿಕೊಂಡು ಹೊರಡಲು ತಯಾರಾಗಿಯೇ ಬಂದಿದ್ದಳು.

"ಕಣ್ಣಿದ್ದೋರಿಗೆ ಕೈ ಮೇಲೆ ಬಟ್ಟೆ ಹೊದಿಸಿ ಕಲಿಸೀನಿ ನಾನು," ಎಂದರು ಮೇಡಂ. "ಕೀ ನೋಡಿದ್ರೆ ಸ್ಕೇಲ್ ತಗೊಂಡು ಹೊಡೀತಿದ್ದೆ. ಇವಳು ನೋಡಲ್ಲ ಅಂದ್ಮೇಲೆ ನನಗೆ ಬಟ್ಟೆನೂ ಉಳೀತು, ಸ್ಕೇಲೂ ಉಳೀತು. ನಾಳೆಯಿಂದ ಕಳಿಸ್ರಿ."

ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ ಎಂದು ನನಗೆ ತಿಳಿದದ್ದೇ ಅವರಿಂದ. ಒಂದು ಕೀ ಒತ್ತಿದರೆ ಆ ಅಕ್ಷರವನ್ನು ಅದು ಕಿವಿಯಲ್ಲಿ ಹೇಳುತ್ತಿತ್ತು. ಮೂರು ತಿಂಗಳಲ್ಲಿ ನಾನು ಕನ್ನಡದಲ್ಲಿ ಒಂದು ಪುಟವನ್ನು ತಪ್ಪಿಲ್ಲದೆ ಟೈಪ್ ಹೊಡೆಯುವಷ್ಟು ಕಲಿತೆ. ಆಗ ಮೇಡಂ ಅವ್ವನಿಗೆ ಹೇಳಿ ಕಳಿಸಿದರು: ಇವಳಿಗೆ ಸ್ವಂತ ಕಂಪ್ಯೂಟರ್ ಬೇಕು, ಕೊಳ್ಳುವಾಗ ನಾನೂ ಬರುತ್ತೇನೆ.

ಕಂಪ್ಯೂಟರ್ ಅಂಗಡಿಯವನು ತೆಳ್ಳಗಿನ ಹೊಸ ಲ್ಯಾಪ್‌ಟಾಪೊಂದನ್ನು ನನ್ನ ಮುಂದಿಟ್ಟ. "ಇದು ನೋಡ್ರಿ, ಸ್ಕ್ರೀನ್ ಮುಟ್ಟಿದ್ರೆ ಸಾಕು, ಎಲ್ಲಾ ಕೆಲಸ ಮಾಡ್ತೈತೆ."

ಮೇಡಂ ನನ್ನ ಕೈ ಹಿಡಿದು ಅದರ ಕೀಗಳ ಮೇಲೆ ಇಟ್ಟರು. ಎಲ್ಲವೂ ಒಂದೇ ಸಮ, ಗಾಜಿನಂತೆ ನುಣುಪು. "ಏನು ಸಿಕ್ತು ಬೆರಳಿಗೆ?"

"ಏನೂ ಇಲ್ಲ ಮೇಡಂ."

"ಮುಂದಿನದು ತೋರಿಸ್ರಿ."

ಹೀಗೆ ಏಳೆಂಟು ಲ್ಯಾಪ್‌ಟಾಪುಗಳು ಬಂದು ಹೋದವು. ಒಂದರಲ್ಲಿ ಮೇಲಿನ ಸಾಲಿನ ಕೀಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇನ್ನೊಂದರಲ್ಲಿ ಇಯರ್‌ಫೋನಿನ ತೂತು ಸಡಿಲ. ವೈರು ಸ್ವಲ್ಪ ಅಲುಗಿದರೆ ಮಾತು ನಿಲ್ಲುತ್ತಿತ್ತು. "ಇದು ಹೋದ್ರೆ ಇವಳಿಗೆ ಕಂಪ್ಯೂಟರೇ ಹೋದಂಗೆ," ಎಂದು ಅದನ್ನೂ ತಳ್ಳಿದರು. ಕೊನೆಗೆ ಹಿಂದಿನ ಕಪಾಟಿನಿಂದ ಒಂದು ದಪ್ಪನೆಯ ಹಳೆಯ ಮಾದರಿ ಹೊರಬಂತು. ಆಳವಾಗಿ ಒತ್ತುವ ಕೀಗಳು. ತೋರುಬೆರಳುಗಳ ಜಾಗ ತಿಳಿಯಲೆಂದು ಎಫ್ ಮತ್ತು ಜೆ ಕೀಗಳ ಮೇಲೆ ಇರುವ ಸಣ್ಣ ಗೀಟುಗಳು ಅದರಲ್ಲಿ ಸ್ಪಷ್ಟವಾಗಿ ಉಬ್ಬಿದ್ದವು.

"ನೋಡಾಕೆ ಒಂಚೂರು ಚಂದ ಇರೋದು ತಗೊಳ್ರಿ ಮೇಡಂ, ಹೆಣ್ಣುಮಗಳು," ಎಂದ ಅಂಗಡಿಯವನು.

"ಚಂದ ನೋಡಾಕೆ ಇಲ್ಲಿ ಯಾರಿಗೆ ಕಣ್ಣೈತೆ?"

ಪಕ್ಕದಲ್ಲಿ ಅವ್ವ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ನಾನು ಜೋರಾಗಿ ನಕ್ಕುಬಿಟ್ಟೆ. ಕಣ್ಣು ಹೋದಮೇಲೆ, ಮೇಡಂ ಒಬ್ಬರನ್ನು ಬಿಟ್ಟರೆ, ಯಾರೂ ನನ್ನೆದುರು ಅದರ ಬಗ್ಗೆ ತಮಾಷೆ ಮಾಡಿರಲಿಲ್ಲ.

ಅದೇ ಅಂಗಡಿಯಲ್ಲಿ ಅವರು ಬೆಂಕಿಪೊಟ್ಟಣದಷ್ಟಿದ್ದ, ಹಾಡು ಕೇಳುವ ಪುಟ್ಟ ಪ್ಲೇಯರನ್ನೂ ಆರಿಸಿದರು. ಪರದೆ ಇಲ್ಲ, ಉಬ್ಬಿದ ಐದು ಬಟನ್ ಮಾತ್ರ. ಈಗ ಎಲ್ಲರಿಗೂ ಫೋನೇ ಸಾಕು, ಇದನ್ನು ಕೇಳುವವರೇ ಇಲ್ಲ ಎಂದು ಅಂಗಡಿಯವನು ಗೊಣಗಿದ. "ಫೋನು ಕೈಗೆ ಕೊಟ್ರೆ ನೆಂಟರೆಲ್ಲ ಮಾತಾಡ್ಸಾಕೆ ಶುರು ಮಾಡ್ತಾರೆ. ಇವಳು ಓದ್ಬೇಕು," ಎಂದರು ಮೇಡಂ. ಪರೀಕ್ಷೆಯ ಪಾಠಗಳನ್ನೆಲ್ಲ ತಾವೇ ಓದಿ ಅದರೊಳಗೆ ತುಂಬಿಸಿಕೊಟ್ಟರು. ಅವರು ಓದುವಾಗ ಹಿಂದೆ ಕುಕ್ಕರ್ ಕೂಗುತ್ತಿತ್ತು. ಸಂವಿಧಾನದ ವಿಧಿಗಳ ನಡುವೆ "ಗ್ಯಾಸ್ ಆರಿಸ್ರೀ" ಎಂದು ಯಜಮಾನರಿಗೆ ಹೇಳಿದ್ದೂ ಸೇರಿಕೊಂಡಿತ್ತು. ಪ್ರತಿ ಎರಡು ಪಾಠಕ್ಕೊಂದು ಹಾಡು ಹಾಕಿದ್ದರು, ತಲೆ ತಣ್ಣಗಾಗಲೆಂದು. ಎಲ್ಲವೂ ಅವರ ಕಾಲದವು. ಹೊಸ ಹಾಡು ಹಾಕಿಕೊಡಿ ಎಂದು ಕೇಳಿದ್ದಕ್ಕೆ, "ಹೊಸ ಹಾಡು ಕೇಳ್ತಾ ಕುಂತ್ರೆ ಪಾಠಕ್ಕೆ ವಾಪಸ್ ಬರಲ್ಲ ನೀನು," ಎಂದರು. ನ್ಯಾಮತಿಗೂ ಹೊನ್ನಾಳಿಗೂ ಓಡಾಡುವ ಬಸ್ಸಿನಲ್ಲಿ ಆ ಧ್ವನಿಯನ್ನು ಕೇಳಿ ಕೇಳಿ, ಕನಸಿನಲ್ಲೂ ಮೇಡಂ ವಿಧಿಗಳನ್ನು ಓದುತ್ತಿದ್ದರು.

ಸರ್ಕಾರಿ ಕಚೇರಿಗಳ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಹಾಕಿದೆ. ಬರವಣಿಗೆಯ ಪರೀಕ್ಷೆ ದಾಟಿದೆ. ಉಳಿದದ್ದು ಟೈಪಿಂಗ್ ಪರೀಕ್ಷೆ, ಎರಡು ತಿಂಗಳ ನಂತರ ಚನ್ನಗಿರಿಯ ಒಂದು ಕೇಂದ್ರದಲ್ಲಿ. ನನ್ನದೇ ಲ್ಯಾಪ್‌ಟಾಪು, ಇಯರ್‌ಫೋನು ಬಳಸಲು ಅನುಮತಿ ಕೇಳಿ ಮೇಡಂ ಬರೆದ ಪತ್ರಕ್ಕೆ ಒಪ್ಪಿಗೆಯೂ ಬಂತು.

ಅದಾದ ವಾರಕ್ಕೆ, ನಾನು ಹೊಡೆಯುತ್ತಿದ್ದಾಗಲೇ ಕಿವಿಯಲ್ಲಿನ ಮಾತು ನಿಂತುಹೋಯಿತು.

"ಮೇಡಂ, ಶಬ್ದ ಬರ್ತಿಲ್ಲ."

"ನಾನೇ ನಿಲ್ಲಿಸೀನಿ. ಹೊಡಿ."

"ಏನು ಹೊಡೆದೆ ಅಂತ ನನಗೆ ಹೆಂಗೆ ಗೊತ್ತಾಗಬೇಕು?"

"ಬೆರಳಿಗೆ ಗೊತ್ತಾಗಬೇಕು."

ಅವರು ಓದಿದಂತೆ ಹೊಡೆದೆ. ಎರಡನೆಯ ಸಾಲಿಗೇ ದಾರಿ ತಪ್ಪಿತು. ಅವರು ನನ್ನ ತಪ್ಪುಗಳನ್ನು ಒಂದೊಂದಾಗಿ, ಉಳಿದ ವಿದ್ಯಾರ್ಥಿಗಳಿಗೆಲ್ಲ ಕೇಳುವಂತೆ ಓದಿದರು. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಇಯರ್‌ಫೋನನ್ನು ಮೇಜಿನ ಮೇಲೆ ಎಸೆದೆ. "ಕಣ್ಣು ಹೋಗಿದ್ದು ಸಾಲದಾ ನಿಮಗೆ? ಕಿವೀನೂ ಕಿತ್ಕೋತೀರಾ?" ಎಂದು ಕೂಗಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ಅವರು ಕರೆಯಲಿಲ್ಲ.

ಹತ್ತು ದಿನ ಹೋಗಲಿಲ್ಲ. ಹನ್ನೊಂದನೆಯ ದಿನ ಅವರೇ ಬಸ್ಸು ಹತ್ತಿ ನ್ಯಾಮತಿಗೆ ಬಂದರು. ಅವ್ವ ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, ನಾನಿದ್ದ ಕೋಣೆಯ ಬಾಗಿಲಲ್ಲಿ ನಿಂತರು.

"ಒಪ್ಪಿಗೆ ಪತ್ರ ಕಾಗದ ಅಷ್ಟೇ. ಅಲ್ಲಿ ಬಾಗಿಲಾಗೆ ನಿಂತಿರೋನು ಇಲ್ಲ ಅಂದ್ರೆ ಏನು ಮಾಡ್ತೀಯ? ನಾನು ಹೊರಗೆ ಇರ್ತೀನಿ, ನೀನೊಬ್ಬಳೇ ಒಳಗೆ ಇರ್ತೀಯ. ನಾಳೆ ಒಂಬತ್ತರ ಬಸ್ಸಿಗೆ ಬಾ."

ಕ್ಷಮೆ ಕೇಳಲಿಲ್ಲ, ಸಮಾಧಾನ ಮಾಡಲಿಲ್ಲ. ಮರುದಿನ ನಾನು ಒಂಬತ್ತರ ಬಸ್ಸಿಗೆ ಹೋದೆ.

ಚನ್ನಗಿರಿಯಲ್ಲಿ ಅವರು ಹೇಳಿದ್ದೇ ಆಯಿತು. ಬಾಗಿಲಲ್ಲಿದ್ದ ಮೇಲ್ವಿಚಾರಕರು ಪತ್ರ ಓದಿ, "ಇಯರ್‌ಫೋನ್ ಒಳಗೆ ಬಿಡಾಕೆ ಬರಲ್ಲ ರೀ. ಲ್ಯಾಪ್‌ಟಾಪೂ ಇಲ್ಲ. ನಮಗೆ ಇದರ ಆರ್ಡರ್ ಬಂದಿಲ್ಲ," ಎಂದರು.

"ಹಾಗಾದ್ರೆ ಈ ಸಹಿ ಯಾರದು?" ಮೇಡಂ ಧ್ವನಿ ಏರಿತು.

"ಅದು ನನಗೇನು ಗೊತ್ತು? ಬೇಕಾದ್ರೆ ನಮ್ಮ ಕಂಪ್ಯೂಟರಾಗೆ ಬರೀಲಿ. ಓದಿ ಹೇಳಾಕೆ ಒಬ್ಬ ಕ್ಲರ್ಕ್ ಕೊಡ್ತೀನಿ."

ಮೇಡಂ ಯಾರಿಗೋ ಫೋನ್ ಮಾಡಿದರು. ಅದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದರು. ಉಳಿದವರೆಲ್ಲ ನನ್ನನ್ನು ಸವರಿಕೊಂಡು ಒಳಗೆ ಹೋಗುತ್ತಿದ್ದರು. ಮೊದಲ ಗಂಟೆ ಬಡಿಯಿತು. ಜೊತೆಗೆ ಬಂದಿದ್ದ ಅವ್ವ ನನ್ನ ತೋಳು ಹಿಡಿದು, "ಮನೆಗೆ ಹೋಗಣ ಬಾ," ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ಬೆವರಿ ತಣ್ಣಗಾಗಿತ್ತು. ಈ ಹೆಂಗಸಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

"ಹೋಗು," ಎಂದರು. "ತಪ್ಪಿದ್ರೆ ನಿಲ್ಲು. ಗಾಬರಿಯಾಗಿ ಮುಂದಕ್ಕೆ ಓಡಬೇಡ."

ಕ್ಲರ್ಕು ನನ್ನನ್ನು ಕುರ್ಚಿಯವರೆಗೆ ಕರೆದೊಯ್ದರು. ಕೀಬೋರ್ಡಿನ ಮೇಲೆ ಕೈಯಿಟ್ಟು ಗೀಟುಗಳನ್ನು ಹುಡುಕಿದೆ. ಇರಲಿಲ್ಲ. ಎಷ್ಟು ಜನ ಕುಟ್ಟಿ ಸವೆಸಿದ್ದರೋ, ಎಲ್ಲ ಕೀಗಳೂ ಒಂದೇ ಥರ ನುಣ್ಣಗಿದ್ದವು. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಗಂಟೆ ಬಡಿಯಿತು, ಕ್ಲರ್ಕು ಓದಲು ಶುರುಮಾಡಿದರು. ಹದಿನೈದು ನಿಮಿಷದ ಪರೀಕ್ಷೆ. ಅಂದಾಜಿನ ಮೇಲೆ ಬೆರಳಿಟ್ಟು ಹೊಡೆಯತೊಡಗಿದೆ.

ಬೆರಳು ಚೆನ್ನಾಗಿ ಓಡುತ್ತಿತ್ತು. ಆದರೆ ಸ್ವಲ್ಪ ಹೊತ್ತಿಗೆ ಕ್ಲರ್ಕರ ಓದು ನಿಧಾನವಾಯಿತು. ಒಂದು ಕಡೆ ನಿಂತರು. ಗಂಟಲು ಸರಿಮಾಡಿಕೊಂಡರು. ನಾನು ಹೊಡೆದದ್ದು ಸರಿಯೋ ತಪ್ಪೋ ಎಂದು ಹೇಳಬಾರದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು.

"ಓದ್ರಿ ಸಾರ್," ಎಂದೆ.

"ಓದ್ತೀನಮ್ಮ," ಎಂದರು. ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಮಾತಾಡುವಂಥ ಮೆತ್ತನೆಯ ಧ್ವನಿ. ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಊರೆಲ್ಲ ನನ್ನ ಹತ್ತಿರ ಹಾಗೆಯೇ ಮಾತಾಡಿತ್ತು. ಪರದೆಯ ಮೇಲೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು.

ಕೈ ನಿಲ್ಲಿಸಿದೆ. ಎಡಗೈಯನ್ನು ಕೀಬೋರ್ಡಿನ ಎಡ ಅಂಚಿಗೆ ತಂದೆ. ಅಂಚಿನಿಂದ ಒಂದೊಂದೇ ಕೀ ಎಣಿಸುತ್ತಾ ಒಳಗೆ ಬಂದೆ. ನನ್ನ ಬೆರಳುಗಳು ಒಂದು ಕೀಯಷ್ಟು ಬಲಕ್ಕೆ ಸರಿದು ಕೂತಿದ್ದವು. ಅಂದರೆ ಹೊಡೆದದ್ದರಲ್ಲಿ ಒಂದು ಪದವೂ ಕನ್ನಡವಾಗಿರಲಿಲ್ಲ.

"ಎಷ್ಟು ನಿಮಿಷ ಐತೆ ಸಾರ್?"

"ಎಂಟು."

ಎಲ್ಲವನ್ನೂ ಅಳಿಸಿದೆ. ಅಳಿಸುವ ಕೀ ಒತ್ತುವಾಗ ಬೆರಳು ಒಂದು ಕ್ಷಣ ತಡೆಯಿತು. ನನ್ನ ಎಣಿಕೆಯೇ ತಪ್ಪಾಗಿದ್ದು, ಮೊದಲು ಹೊಡೆದದ್ದೇ ಸರಿಯಾಗಿದ್ದರೆ? ಕೇಳಲು ಯಾರೂ ಇರಲಿಲ್ಲ. ಒತ್ತಿದೆ. "ಮೊದಲಿಂದ ಓದ್ರಿ ಸಾರ್, ಸ್ವಲ್ಪ ಜೋರಾಗಿ ಓದ್ರಿ." ಅವರೂ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಓದಿದರು. ನಾನು ಅಷ್ಟು ವೇಗವಾಗಿ ಹಿಂದೆಯೂ ಹೊಡೆದಿರಲಿಲ್ಲ, ಆಮೇಲೂ ಹೊಡೆದಿಲ್ಲ. ಕಿವಿಯಲ್ಲಿ ಅವರ ಓದು, ಬೆರಳ ತುದಿಯಲ್ಲಿ ಕೀ, ಬೇರೆ ಲೋಕವೇ ಇರಲಿಲ್ಲ. ಕೊನೆಯ ಎರಡು ಸಾಲು ಬಾಕಿ ಇರುವಾಗ ಗಂಟೆ ಬಡಿಯಿತು.

ಹೊರಗೆ ಬಂದಾಗ, ಹೇಗಾಯಿತು ಎಂದು ಮೇಡಂ ಕೇಳಲಿಲ್ಲ. ನನ್ನ ಕೈ ಮುಟ್ಟಿದವರೇ, "ಎಲ್ಲಿ ತಪ್ಪಿತು?" ಎಂದರು. ಗೀಟು ಸವೆದಿದ್ದದ್ದನ್ನು ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅದು ನನಗೆ ಹೊಳೀಲೇ ಇಲ್ಲ," ಎಂದರು. "ಎಲ್ಲಾ ಯೋಚನೆ ಮಾಡಿದ್ದೆ. ಅದೊಂದು ಮಾಡಲಿಲ್ಲ. ತಪ್ಪು ನಂದು."

ಅಂಚಿನಿಂದ ಎಣಿಸಿ ಕಂಡುಹಿಡಿದದ್ದನ್ನು ಹೇಳಿದಾಗ ಅದನ್ನು ಎರಡು ಸಲ ಬಿಡಿಸಿ ಹೇಳಿಸಿಕೊಂಡರು. ಆಮೇಲೆ ಎದ್ದು ಸೀರೆ ಕೊಡವಿಕೊಂಡು, "ಬರ್ರಿ, ಮಂಡಕ್ಕಿ ಮೆಣಸಿನಕಾಯಿ ತಿನ್ನಣ," ಎಂದು ಅವ್ವನನ್ನು ಕರೆದರು. ಮರುದಿನ ನಾನು ಹೊನ್ನಾಳಿಗೆ ಹೋದಾಗ ಇನ್‌ಸ್ಟಿಟ್ಯೂಟಿನ ಐದು ಕೀಬೋರ್ಡುಗಳಲ್ಲಿ ಒಂದರ ಗೀಟುಗಳನ್ನು ಬ್ಲೇಡಿನಿಂದ ಕೆರೆದು ಹಾಕಿದ್ದರು. ಪರೀಕ್ಷೆಗೆ ಹೋಗುವವರೆಲ್ಲ, ಕಣ್ಣಿದ್ದವರೂ ಸೇರಿ, ಅದರ ಮೇಲೆ ಒಂದು ವಾರ ಕೂರಲೇಬೇಕೆಂದು ನಿಯಮ ಮಾಡಿದರು.

ಫಲಿತಾಂಶಕ್ಕೆ ಐದು ತಿಂಗಳು ಕಾದೆವು. ಆ ಐದು ತಿಂಗಳಲ್ಲಿ ಮೇಡಂ ಒಂದು ದಿನವೂ ನನಗೆ ಧೈರ್ಯ ಹೇಳಲಿಲ್ಲ. ಮುಂದಿನ ಪರೀಕ್ಷೆಗೆ ತಯಾರಿ ಮಾಡಿಸುತ್ತಲೇ ಹೋದರು. ಅದು ಬೇಕಾಗಲಿಲ್ಲ. ಬಿಟ್ಟ ಎರಡು ಸಾಲಿಗೆ ಅಂಕ ಕಳೆದೂ ನಾನು ಪಾಸಾಗಿದ್ದೆ. ಜಗಳೂರಿನ ಕಚೇರಿಯೊಂದಕ್ಕೆ ನೇಮಕವಾಯಿತು. ಫೋನಿನಲ್ಲಿ ಸುದ್ದಿ ಹೇಳಿದಾಗ ಅವರು, "ಅಲ್ಲಿ ಕೀಬೋರ್ಡ್ ಹೆಂಗೈತೆ ಅಂತ ಮೊದಲೇ ಹೋಗಿ ಮುಟ್ಟಿ ನೋಡ್ಕೊಂಡು ಬಾ," ಎಂದರು.

ಜಗಳೂರಿಗೆ ಬಂದು ಎರಡನೆಯ ವರ್ಷ, ಕಚೇರಿಯಲ್ಲಿದ್ದಾಗ ಅವ್ವನ ಫೋನು ಬಂತು. ಮೇಡಂಗೆ ಮೂತ್ರಪಿಂಡದ ಕಾಯಿಲೆ ಇತ್ತಂತೆ, ಬಹಳ ದಿನದಿಂದ ಇತ್ತಂತೆ. ಅವಳಿಗೆ ತಿಳಿಸಬೇಡಿ, ಹೊಸ ಕೆಲಸದಲ್ಲಿದ್ದಾಳೆ ಎಂದಿದ್ದರಂತೆ. ನಾನು ಹೊನ್ನಾಳಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಅವರ ಯಜಮಾನರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಡಿಮೆ ಮಾತಿನ ಮನುಷ್ಯ. ಅಲ್ಲಿಯವರೆಗೆ ಅವರ ಬಾಯಿಂದ ನಾನು ನಾಲ್ಕು ಮಾತು ಕೇಳಿದ್ದರೆ ಹೆಚ್ಚು.

"ನೀನು ಮೊದಲ ಸಲ ಬಂದು ಹೋದ ದಿನ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ಲು," ಎಂದರು. "ಆ ಮಾತಾಡೋ ಕಂಪ್ಯೂಟರ್ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ ತಾಯಿ. ಹೆಸರು ಕೇಳಿದ್ಲು ಅಷ್ಟೇ. ನಾಳೆಯಿಂದ ಕಳಿಸ್ರಿ ಅಂತ ಹೇಳಿಬಂದೀನಿ, ಈಗೇನು ಮಾಡ್ಲಿ ಅಂತ ಅತ್ಲು. ಆಮೇಲೆ ಮನೇಲಿರೋ ಕಂಪ್ಯೂಟರ್ ಮುಂದೆ ಕುಂತ್ಲು. ಕಣ್ಣಿಗೆ ಟವಲ್ ಕಟ್ಕೊಂಡು. ದಿನಾ ಎರಡು ತಾಸು. ನಿನಗೆ ಒಂದು ಪಾಠ ಹೇಳಾಕೆ ಮುಂಚೆ ಅವಳು ಹಂಗೇ ಕುಂತು ಅದನ್ನ ಕಲಿತಿದ್ಲು. ತಪ್ಪಿದ್ರೆ ಮೇಜು ಗುದ್ದೋಳು. ಟವಲ್ ಬಿಚ್ಚಿ ಒಂದು ಸಲ ನೋಡ್ಕೊ ಅಂದ್ರೆ ನನಗೇ ಬೈಯೋಳು."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ," ಎಂದೆ.

"ನಾನೂ ಅದನ್ನೇ ಅಂದೆ. ಕಲಿಸೋರಿಗೇ ಬರಲ್ಲ ಅಂತ ಗೊತ್ತಾದ್ರೆ ಆ ಹುಡುಗಿ ಮತ್ತೆ ಮನೆ ಒಳಗೆ ಹೋಗಿ ಕೂರ್ತಾಳೆ, ಸುಮ್ನಿರ್ರಿ ಅಂದ್ಲು."

ಮೇಡಂ ಎದುರು ಕೂಗಾಡಿದ್ದಕ್ಕೆ ನಾನು ಎಂದೂ ಕ್ಷಮೆ ಕೇಳಿರಲಿಲ್ಲ. ಅವತ್ತು ಅವರ ಮನೆಯ ಚಾಪೆಯ ಮೇಲೆ, ಅವರ ಗಂಡನ ಕೈ ಹಿಡಿದುಕೊಂಡು ಕೇಳಿದೆ. ಕತ್ತಲೆ ನನಗೆ ಹೇಳದೆ ಕೇಳದೆ ಬಂದದ್ದು. ನಾನು ಅದರಿಂದ ಹೊರಬರುವ ದಾರಿ ಹುಡುಕಲು, ಕಣ್ಣಿದ್ದ ಒಬ್ಬ ಹೆಂಗಸು ದಿನಾ ಎರಡು ತಾಸು ತಾನಾಗಿಯೇ ಅದರೊಳಗೆ ಹೋಗಿ ಕೂತಿದ್ದಳು.