ಬ್ರೇಕ್ ಮೇಷ್ಟ್ರು ಪೇಗನ್ ಆದದ್ದು

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಕಾರಿನಲ್ಲಿ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವರು ತುಳಿಯುವ ರಭಸಕ್ಕೆ ಶಿಷ್ಯರ ಹಣೆ ಹೋಗಿ ಸ್ಟೇರಿಂಗಿಗೆ ಮುತ್ತಿಡುತ್ತಿತ್ತು. ಹಾಗಾಗಿ ಅವರಿಗೆ ಬ್ರೇಕ್ ಮೇಷ್ಟ್ರು ಅಂತಲೇ ಹೆಸರು ಬಿತ್ತು. ಬೈಗುಳದಲ್ಲಂತೂ ಎತ್ತಿದ ಕೈ. "ಅದು ಕ್ಲಚ್ ಕಣ್ರೀ, ನಿಮ್ಮತ್ತೆ ಕಾಲಲ್ಲ, ಹಾಗ್ ತುಳೀಬೇಡಿ" ಎಂದು ಅವರು ಕಿರುಚಿದರೆ ಪಕ್ಕದ ರಸ್ತೆಯ ಸೊಸೆಯಂದಿರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಇಂಥವರಿಗೆ ಒಂದು ಗುಟ್ಟಿನ ಕಾಯಿಲೆ ಹತ್ತಿಕೊಂಡಿತ್ತು. ವರ್ಷಗಟ್ಟಲೆ ಪಕ್ಕದ ಸೀಟಿನಲ್ಲೇ ಕೂತೂ ಕೂತೂ, ಒಂದು ದಿನ ಒಬ್ಬರೇ ಸ್ವಂತ ಕಾರು ತೆಗೆದುಕೊಂಡು ಪೆಟ್ರೋಲ್ ಹಾಕಿಸಲು ಹೊರಟಾಗ ಪಕ್ಕಕ್ಕೆ ನೋಡಿದ್ದಾರೆ. ಸೀಟು ಖಾಲಿ. ತಾನು ತಪ್ಪು ಮಾಡಿದರೆ ಬ್ರೇಕ್ ತುಳಿಯುವವರು ಯಾರೂ ಇಲ್ಲ! ಕಾರನ್ನು ರಸ್ತೆಯ ಪಕ್ಕದಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದರು. ಅಂದಿನಿಂದ ಬೆನ್ನು ನೋವು ಅನ್ನುವ ನೆಪ. ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದಳು, ಯಾರೋ ಶಿಷ್ಯ ತಂದು ನಿಲ್ಲಿಸಿದ ಕಾರು ಮನೆ ಮುಂದೆ ಧೂಳು ತಿನ್ನುತ್ತಿತ್ತು. ಈ ಭಯದ ಸಂಗತಿ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಗ ಅವರ ಹತ್ತಿರ ಕಲಿಯಲು ಬಂದವರು ಒಬ್ಬ ಹಲ್ಲಿನ ಡಾಕ್ಟ್ರಮ್ಮ. ಕೈ ಎಷ್ಟು ನಾಜೂಕೋ ಕಾಲು ಅಷ್ಟೇ ಒರಟು. ಅಭ್ಯಾಸದ ಮೈದಾನದಲ್ಲಿ ಇದ್ದದ್ದು ಒಂದೇ ಕಂಬ, ಅದನ್ನೇ ಹುಡುಕಿಕೊಂಡು ಹೋಗಿ ಗುದ್ದುತ್ತಿದ್ದರು. ಗಾಡಿ ಶುರು ಮಾಡುವ ಮುಂಚೆ ಕಣ್ಣು ಮುಚ್ಚಿ, ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟು, ಏನೋ ಗೊಣಗುವುದು ಬೇರೆ.

"ಏನು ಡಾಕ್ಟ್ರೇ, ಕಾರಿಗೆ ಅರಿವಳಿಕೆ ಕೊಡ್ತಿದೀರಾ?" ಎಂದರು ಭಾವ.

"ಗಾಳಿ, ಬೆಂಕಿ, ನೀರು, ಮಣ್ಣು, ನಾಲ್ಕಕ್ಕೂ ನಮಸ್ಕಾರ ಹೇಳ್ತಿದೀನಿ ಮೇಷ್ಟ್ರೇ. ನಾನು ಪೇಗನ್, ಪ್ರಕೃತಿಯನ್ನೇ ಪೂಜಿಸೋಳು. ಹೀಗೆ ಮಾಡಿದ್ರೆ ನನಗೆ ಭಯ ಹೋಗುತ್ತೆ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಆ ಡಾಕ್ಟ್ರಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾಗಿಬಿಟ್ಟರು. ಭಾವನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಆ ಕಾಲಿಗೇ ಧೈರ್ಯ ಬರುವುದಾದರೆ ತನ್ನ ಕಾಲಿಗೆ ಬರದೇ ಇರುತ್ತದೆಯೇ? ಮನೆಗೆ ಬಂದು ಗಂಟಲು ಸರಿಮಾಡಿಕೊಂಡು, ತಾನೂ ಪೇಗನ್ ಧರ್ಮ ಕಲಿಯಬೇಕೆಂದಿದ್ದೇನೆ ಎಂದರು.

ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಪೇಗನ್ನೋ, ವ್ಯಾಗನ್ನೋ? ಎಷ್ಟು ಸೀಟಿಂದು?"

ಡಾಕ್ಟ್ರಮ್ಮ ಹೋಗುತ್ತಿದ್ದ ಪೇಗನ್ ತರಗತಿ ನಡೆಯುತ್ತಿದ್ದದ್ದು ಒಂದು ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಂಗಡಿಯ ಒಡತಿಯೇ ಮುಖ್ಯಸ್ಥೆ. ನಾನು ಅವಳನ್ನು ಪರದೆಯಮ್ಮ ಅಂತಲೇ ಕರೆಯುತ್ತೇನೆ, ಯಾಕೆಂದರೆ ಅವಳು ಮೈಮೇಲೆ ಹೊದ್ದುಕೊಳ್ಳುತ್ತಿದ್ದ ಹಸಿರು ಮಖಮಲ್ಲಿನ ನಿಲುವಂಗಿಯ ಅಂಚಿನಲ್ಲಿ ಪರದೆ ನೇತುಹಾಕುವ ಉಂಗುರಗಳು ಹಾಗೇ ಇದ್ದವು. ನಡೆದರೆ ಕಿಣಿಕಿಣಿ. ಮೊದಲ ದಿನ ಅವಳು ಕೈ ಚಾಚಿ ಹೇಳಿದಳಂತೆ: "ನಮ್ಮಲ್ಲಿ ಎಲ್ಲರೂ ತಲೆಬಾಗಬೇಕಾದ ಒಂದೇ ಪುಸ್ತಕ ಇಲ್ಲ. ಒಬ್ಬನೇ ದೇವರು ಅಂತಿಲ್ಲ. ದೇವಿಯೂ ಇದಾಳೆ, ದೇವರೂ ಇದಾನೆ, ಮರದಲ್ಲೂ ಕಲ್ಲಲ್ಲೂ ಜೀವ ಇದೆ. ಗುರು ಇಲ್ಲ, ಶಿಷ್ಯ ಇಲ್ಲ, ಕಟ್ಟಳೆ ಇಲ್ಲ. ಚಪ್ಪಲಿ ಅಲ್ಲಿ ಬಿಡಿ, ಇಲ್ಲಲ್ಲ. ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ಪೂರ್ವ ದಿಕ್ಕು ನಂದು."

ಅವರ ಪೂಜೆಗೆ ಒಂದು ವೃತ್ತ ಕಟ್ಟಬೇಕು. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಒಂದೊಂದು ದಿಕ್ಕಿಗೆ ಒಬ್ಬೊಬ್ಬರು ನಿಂತು ಅದರದರ ಶಕ್ತಿಯನ್ನು ಕರೆಯಬೇಕು. ಭಾವನಿಗೆ ಜೀವಮಾನವೆಲ್ಲ ಗೊತ್ತಿದ್ದದ್ದು ಎಡ ಮತ್ತು ಬಲ. ಉತ್ತರಕ್ಕೆ ತಿರುಗಿ ಎಂದರೆ ಇಂಡಿಕೇಟರ್ ಹಾಕುವವರ ಹಾಗೆ ಕೈ ಎತ್ತಿ ಸುಮ್ಮನೆ ನಿಂತುಬಿಡುತ್ತಿದ್ದರು. ಮೇಣದ ಬತ್ತಿಯನ್ನು ನೀರಿನ ಜಾಗದಲ್ಲಿಟ್ಟು, ನೀರಿನ ಬಟ್ಟಲನ್ನು ಬೆಂಕಿಯ ಜಾಗದಲ್ಲಿಟ್ಟು, ಒಮ್ಮೆ ಅದನ್ನು ಎಡವಿ ಇಡೀ ವೃತ್ತವನ್ನೇ ತೊಳೆದರು. ಪರದೆಯಮ್ಮ ಎಲ್ಲರೆದುರು ಗದರಿದಳಂತೆ. ಭಾವನ ಬೈಗುಳ ತಿಂದ ಶಿಷ್ಯರೆಲ್ಲ ಇದನ್ನು ನೋಡಬೇಕಿತ್ತು ಅನ್ನಿಸಿತು ನನಗೆ.

ಪ್ರತಿಯೊಬ್ಬರೂ ಪ್ರಕೃತಿಯಿಂದ ಒಂದು ಹೆಸರು ಇಟ್ಟುಕೊಳ್ಳುವ ರೂಢಿ ಆ ಗುಂಪಿನಲ್ಲಿತ್ತು. ತೋಳ, ಹದ್ದು, ಜಿಂಕೆ, ಎಲ್ಲ ಮೊದಲೇ ಬುಕ್ ಆಗಿದ್ದವು. ಕೊನೆಗೆ ಉಳಿದದ್ದು ಆಮೆ.

"ಪರವಾಗಿಲ್ಲ, ನೋಡಿಯೇ ಇಟ್ಟಿದಾರೆ" ಎಂದಳು ಅಕ್ಕ.

ಪರದೆಯಮ್ಮ ಇದೆಲ್ಲ ಸಾವಿರಾರು ವರ್ಷಗಳಿಂದ ಒಂದಕ್ಷರ ತಪ್ಪದೆ ಬಂದದ್ದು ಎಂದು ಹೇಳುತ್ತಿದ್ದಳು. ಭಾವ ಅದನ್ನು ಡಾಕ್ಟ್ರಮ್ಮನ ಹತ್ತಿರ ಕೇಳಿದಾಗ ಅವರು ನಕ್ಕುಬಿಟ್ಟರು. "ಹಳೇ ದೇವರುಗಳ ಮೇಲೆ ಪ್ರೀತಿ ಇದ್ದ ಜನ ಬಹುಪಾಲು ಹೋದ ಶತಮಾನದಲ್ಲಿ ಹೊಸದಾಗಿ ಕಟ್ಟಿದ್ದು ಮೇಷ್ಟ್ರೇ. ಅದ್ರಲ್ಲಿ ನಾಚಿಕೆ ಏನು?"

"ಗೊತ್ತಾಯ್ತು. ಇಂಜಿನ್ ಹಳೇದು, ಬಾಡಿ ಹೊಸದು" ಎಂದರು ಭಾವ. ಇಡೀ ಧರ್ಮದಲ್ಲಿ ಅವರಿಗೆ ಮೊದಲು ಅರ್ಥವಾದದ್ದು ಇದೊಂದೇ ಇರಬೇಕು.

ಮನೆಯಲ್ಲಿ ಅವರ ಉತ್ಸಾಹ ಮಿತಿ ಮೀರಿತು. ಬಾಲ್ಕನಿಯ ಕುಂಡಗಳನ್ನು ಬಹುವಚನದಲ್ಲಿ ಮಾತಾಡಿಸುವುದು, ಗಾಳಿ ಬೀಸಿದರೆ "ಬನ್ನಿ, ಬನ್ನಿ" ಅನ್ನುವುದು. ಅಕ್ಕ ಜಿರಲೆಗೆ ಪೊರಕೆ ಎತ್ತಿದರೆ ಅಡ್ಡ ಬಂದು ನಿಂತರು. "ಹೊಡೀಬೇಡ್ವೇ, ಅದೂ ಭೂಮಿತಾಯಿ ಮಗುವೇ."

"ಹಾಗಾದ್ರೆ ನಿಮ್ಮ ದಿಂಬಿನ ಕೆಳಗೆ ಮಲಗಿಸ್ಕೊಳ್ಳಿ. ಒಡಹುಟ್ಟಿದವರಾದ್ರಲ್ಲ" ಎಂದು ಅಕ್ಕ ಅವರ ಕಂಕುಳ ಕೆಳಗಿಂದ ಪೊರಕೆ ತೂರಿಸಿ ಕೆಲಸ ಮುಗಿಸಿದಳು.

ವರ್ಷದ ಅತಿ ಉದ್ದದ ಹಗಲು ಅವರಿಗೆ ದೊಡ್ಡ ಹಬ್ಬ. ಊರಾಚೆಯ ಕೆರೆಯ ದಡದಲ್ಲಿ ಆಚರಣೆ, ಮನೆಯವರೂ ಬರಬಹುದು ಎಂದರು. ನಾನು ನಗುವುದಕ್ಕೆ ಹೋದೆ, ಅಕ್ಕ ಕಾವಲಿಗೆ ಬಂದಳು. ಅಂಗಡಿ ಮುಂದೆ ಪರದೆ ಸಾಗಿಸುವ ವ್ಯಾನು ನಿಂತಿತ್ತು, ಆದರೆ ಚಾಲಕ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಮಲಗಿದ್ದ.

"ಇದಾರಲ್ಲ ನಮ್ಮ ಆಮೆ ಮೇಷ್ಟ್ರು!" ಎಂದಳು ಪರದೆಯಮ್ಮ.

ಭಾವ ಹೋಗಿ ಸ್ಟೇರಿಂಗ್ ಮುಂದೆ ಕೂತರು. ಗಾಳಿಗೆ ನಮಸ್ಕರಿಸಿದರು, ಬೆಂಕಿಗೆ ನಮಸ್ಕರಿಸಿದರು, ನೀರಿಗೆ, ಮಣ್ಣಿಗೆ. ಮತ್ತೆ ಗಾಳಿಯಿಂದ ಶುರು ಮಾಡಿದರು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಹಿಂದೆ ಯಾರೋ ಆಕಳಿಸಿದರು. ಕೊನೆಗೆ ಭಾವ ಕೆಳಗಿಳಿದು, ದೊಡ್ಡ ಮನಸ್ಸು ಮಾಡಿದವರ ಗತ್ತಿನಲ್ಲಿ, "ಡಾಕ್ಟ್ರು ಓಡಿಸ್ಲಿ. ಹೊಸ ಲೈಸೆನ್ಸು, ಅಭ್ಯಾಸ ಆಗ್ಬೇಕು" ಎಂದು ಪಕ್ಕದ ಸೀಟಿಗೆ ಹೋದರು. ಆ ವ್ಯಾನಿನಲ್ಲಿ ಎರಡನೇ ಬ್ರೇಕ್ ಇರಲಿಲ್ಲ. ದಾರಿಯುದ್ದಕ್ಕೂ ಅವರು ನೆಲವನ್ನೇ ತುಳಿಯುತ್ತಿದ್ದರು. ಡಾಕ್ಟ್ರಮ್ಮ ಮಾತ್ರ ಹಾಡು ಗುನುಗಿಕೊಂಡು ಗಾಡಿಯನ್ನು ನೀಟಾಗಿ ದಡಕ್ಕೆ ತಂದು ನಿಲ್ಲಿಸಿದರು.

ಸಂಜೆಯ ಬಿಸಿಲಿನಲ್ಲಿ ಎಲ್ಲರೂ ವೃತ್ತವಾಗಿ ನಿಂತರು. ಪರದೆಯಮ್ಮ ಉಂಗುರ ಕಿಣಿಕಿಣಿಸುತ್ತಾ ತನ್ನ ಜಾಗ ಹಿಡಿದು, "ಪೂರ್ವದ ಗಾಳಿಯೇ!" ಎಂದು ಎರಡೂ ಕೈ ಎತ್ತಿದಳು. ಅವಳ ಬೆನ್ನ ಹಿಂದೆ ಸೂರ್ಯ ದಪ್ಪಗೆ, ಕೆಂಪಗೆ ಮುಳುಗುತ್ತಿದ್ದ.

ಡಾಕ್ಟ್ರಮ್ಮ ಮೆಲ್ಲಗೆ, "ಅದು ಪಶ್ಚಿಮ ಅಲ್ವಾ?" ಎಂದರು.

ಪರದೆಯಮ್ಮ ತಿರುಗಿ ಸೂರ್ಯನನ್ನು ನೋಡಿದಳು, ಅವನೇ ಅಧಿಕಪ್ರಸಂಗ ಮಾಡಿದವನ ಹಾಗೆ. "ಅಂಗಡೀಲಿ ನಾನು ಪೂರ್ವ. ಇಲ್ಲೂ ನಾನೇ ಪೂರ್ವ."

"ಸೂರ್ಯ ಒಪ್ಪಬೇಕಲ್ಲ" ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಲ್ಲಿಗೆ ಹಬ್ಬ ಕೆಟ್ಟಿತು. ಗುರು ಇಲ್ಲ, ಕಟ್ಟಳೆ ಇಲ್ಲ ಅಂದವರು ಯಾರು ಎಲ್ಲಿ ನಿಲ್ಲಬೇಕೆಂದು ಗಂಟಲು ಹರಿದುಕೊಂಡರು. ಅರ್ಧ ಜನ ಪರದೆಯಮ್ಮನ ಹಿಂದೆ ಕೆರೆಯ ಆಚೆ ದಡಕ್ಕೆ ಹೋಗಿ ಬೇರೆ ವೃತ್ತ ಕಟ್ಟಿದರು. ಅಲ್ಲಿ ಅವಳು ಯಾವ ಕಡೆ ನಿಂತಳೋ ಅದೇ ಪೂರ್ವವಾಯಿತು.

ಈಚೆ ಉಳಿದವರಿಗೆ ಡಾಕ್ಟ್ರಮ್ಮ, "ನೀರಿಗಿಳಿದು, ನಿಮ್ಮಿಂದ ಏನು ಬಿಟ್ಟು ಹೋಗ್ಬೇಕೋ ಅದನ್ನ ನೀರಿಗೆ ಹೇಳಿಬಿಡಿ, ಪಿಸುಮಾತಲ್ಲಿ" ಎಂದರು. ಭಾವ ಪ್ಯಾಂಟು ಮಡಚಿಕೊಂಡು ಮೊಣಕಾಲಿನವರೆಗೆ ಇಳಿದರು. ಇಂಜಿನ್ ಸದ್ದಿನ ಮೇಲೆ ಕಿರುಚಿ ಕಿರುಚಿ ಅವರಿಗೆ ಪಿಸುಮಾತೇ ಮರೆತುಹೋಗಿತ್ತು. ಅವರ ಪಿಸುಮಾತು ಹೀಗೆ ಹೊರಟಿತು: "ನನಗೆ ಗಾಡಿ ಓಡಿಸೋಕೆ ಭಯ!"

ಆಚೆ ದಡದವರ ಮಂತ್ರ ನಿಂತುಹೋಯಿತು. ನಾನು ನಗಬೇಕೆಂದು ಬಂದವಳು, ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಭಾವನ ಭುಜ ಅಲುಗುತ್ತಿತ್ತು.

ಅಕ್ಕ ಚಪ್ಪಲಿ ಸಮೇತ ನೀರಿಗಿಳಿದಳು. "ಬೆನ್ನು ನೋವು ಅಂದ್ರಿ. ನಾನು ದಿನಾ ಎಣ್ಣೆ ತಿಕ್ಕಿದೆ. ಬಸ್ಸಲ್ಲಿ ನೇತಾಡಿದೆ. ಕೆರೆಗೆ ಹೇಳೋ ಬದಲು ನಂಗೆ ಹೇಳೋಕೆ ಏನಾಗಿತ್ತು?"

ಭಾವ ತಲೆ ತಗ್ಗಿಸಿ, "ಕೆರೆ ತಿರುಗಿ ಮಾತಾಡಲ್ವಲ್ಲ" ಎಂದರು.

ಅಕ್ಕ ಅವರ ತೋಳು ಹಿಡಿದು ದಡಕ್ಕೆ ಕರೆತಂದಳು.

ಮಾರನೇ ವಾರದಿಂದ ಅದೇ ಮೈದಾನದಲ್ಲಿ ಭಾವ ಶಿಷ್ಯ, ಡಾಕ್ಟ್ರಮ್ಮ ಮೇಷ್ಟ್ರು. ಡಾಕ್ಟ್ರಮ್ಮನ ಕ್ರಮವೇ ಬೇರೆ. "ಸ್ವಲ್ಪ ಕಷ್ಟ ಆಗ್ಬಹುದು, ಆದ್ರೆ ಬೇಗ ಮುಗಿಯುತ್ತೆ" ಎಂದು ಹಲ್ಲು ಕೀಳುವ ದನಿಯಲ್ಲಿ ಹೇಳಿಯೇ ಎಂತೆಂಥ ತಿರುವಿಗೆಲ್ಲ ಇಳಿಸಿಬಿಡುತ್ತಿದ್ದರು. ಆಮೇಲೆ ಒಂದು ದಿನ ಹೇಳದೆ ಕೇಳದೆ ಕಾರಿನಿಂದ ಇಳಿದು ನಿಂತರು. ಭಾವ ಒಬ್ಬರೇ ಮೈದಾನ ಸುತ್ತಿದರು. ಕಂಬಕ್ಕೆ ಒಮ್ಮೆ ಗುದ್ದಿದರು, ಆದರೆ ಗುದ್ದಿಯೂ ಓಡಿಹೋಗಲಿಲ್ಲ. ಈಗ ಅಕ್ಕನನ್ನು ಕೆಲಸಕ್ಕೆ ಬಿಡುವುದು ಅವರೇ. ದಾರಿಯಲ್ಲಿ ಸೈಕಲ್‌ಗಳು ಇವರನ್ನು ಹಿಂದೆ ಹಾಕುತ್ತವೆ.

ಧೈರ್ಯ ಕೊಟ್ಟದ್ದು ದೇವಿಯೋ ಡಾಕ್ಟ್ರಮ್ಮನೋ ಎಂದು ಕೇಳಿದರೆ ಭಾವ ಮುಖ ಗಂಟಿಕ್ಕುತ್ತಾರೆ. ಪೇಗನ್ನಾಗಿಯೇ ಉಳಿದಿದ್ದಾರೆ. ಪರದೆಯಮ್ಮನ ಬಣ ಒಂದು ಬೋರ್ಡು, ಅಧ್ಯಕ್ಷೆ, ಉಪಾಧ್ಯಕ್ಷರು, ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜು ಎಲ್ಲ ಮಾಡಿಕೊಂಡಿದೆ. ಡಾಕ್ಟ್ರಮ್ಮನ ಗುಂಪು ಕ್ಲಿನಿಕ್ಕಿನ ಹೊರಕೋಣೆಯಲ್ಲಿ, ದವಡೆಯ ಚಿತ್ರಗಳ ಕೆಳಗೆ ಸೇರುತ್ತದೆ. ಅಲ್ಲಿ ಎಲ್ಲ ತಣ್ಣಗಿದೆ ಅಂದುಕೊಂಡಿದ್ದೆ. ಹೋದ ತಿಂಗಳಿಂದ ಹುಣ್ಣಿಮೆಗೆ ಹಚ್ಚುವ ಮೇಣದ ಬತ್ತಿ ಬಿಳಿಯದ್ದಿರಬೇಕೋ ನೀಲಿಯದ್ದೋ ಎಂದು ಇಬ್ಭಾಗ ಆಗಿದೆಯಂತೆ. ಭಾವ ಬಿಳಿಯ ಪಕ್ಷದ ಮುಖಂಡರು.

"ಬಿಳಿಯೇ ಯಾಕೆ?" ಎಂದು ಅಕ್ಕ ಕೇಳಿದಳು.

"ಅವರು ನೀಲಿ ಅಂದ್ರಲ್ಲ, ಅದಕ್ಕೆ" ಎಂದರು ಭಾವ.