ಮಲಗಿದರೆ ಹೋಗುತ್ತಿದ್ದ ತಲೆನೋವು

ಶಾಂತಾ, ನಿನ್ನ ತಲೆನೋವು ಸೋಗಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಎಪ್ಪತ್ತರ ದಶಕದ ಮಾತು. ನನ್ನ ಮೈದುನನ ಹೆಂಡತಿಯಾಗಿ ನೀನು ಮನಗೂಳಿಗೆ ಬಂದ ಹೊಸತು. ತವರಿನಲ್ಲಿ ತಾಯಿ ಇಲ್ಲದ್ದಕ್ಕೆ ಬಾಣಂತನ ನಮ್ಮಲ್ಲೇ. ಹೆರಿಗೆ ಕಷ್ಟವಾಗಿ, ವಿಜಾಪುರದ ದವಾಖಾನೆಯಲ್ಲಿ ನಿನ್ನ ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ಜೋಮು ಹಿಡಿಸಿ, ಇಕ್ಕಳ ಹಾಕಿ ಕೂಸನ್ನು ತೆಗೆದರು. ಮರುದಿನದಿಂದ ತಲೆ ಎತ್ತಿದರೆ ಸಿಡಿಯುತ್ತದೆಂದು ನೀನು ಒದ್ದಾಡುತ್ತಿದ್ದೆ. ಮನೆಗೆ ಹೊರಡುವಾಗ ಡಾಕ್ಟರಬಾಯಿ ನನ್ನನ್ನು ಪಕ್ಕಕ್ಕೆ ಕರೆದಳು.

"ಬೆನ್ನಿನ ಸೂಜಿಯಿಂದ ಬಂದ ನೋವ್ರಿ ಇದು. ಎದ್ದು ಕುಂತ್ರ ಹೆಚ್ಚು, ಮಲಗಿದ್ರ ಕಡಿಮಿ. ಆಕಿನ್ನ ಮಲಗಸ್ರಿ, ನೀರು, ಚಾ ಬೇಕಾದಷ್ಟು ಕೊಡ್ರಿ. ಮನ್ಯಾಗ ಎಲ್ಲಾರಿಗೂ ಹೇಳ್ರಿ."

"ಹೂಂ ರಿ" ಎಂದೆ.

ಹೇಳಲಿಲ್ಲ. ನಮ್ಮಲ್ಲಿ ಬಾಣಂತಿಗೆ ನೀರೆಂದರೆ ವಿಷ — ಒಂದು ಗುಟುಕಿಗೂ ಅತ್ತೆಯ ಅಪ್ಪಣೆ ಬೇಕು. ಅವರು ನಿನ್ನ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕೆಂಡದ ಕಾವಿಗೆ ಎಬ್ಬಿಸಿ ಕೂರಿಸಿದರು. ನೀನು ವಾಂತಿ ಮಾಡಿಕೊಂಡು ಒರಗಿದೆ.

"ಎದ್ರ ತಲಿನೋವು, ಮಲಗಿದ್ರ ಆರಾಮ! ಎಂಥಾ ಬ್ಯಾನಿ ಇದು? ಕೆಲಸಗಳ್ಳಿ!" ಅತ್ತೆ ಅಂದರು. ಎಲ್ಲರೂ ನಕ್ಕರು. ನೀನು ನನ್ನ ಕಡೆ ನೋಡಿದೆ.

"ಯಕ್ಕಾ, ಒಂದ್ ಗುಟುಕು ನೀರರ ಕೊಡ..."

ನಾನು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ನಾನು ಹಡೆದು ತಿಂಗಳೊಳಗೇ ಬೀಸುವ ಕಲ್ಲಿಗೆ ಕೂತವಳು — ನಿನಗೇಕೆ ಮಲಗುವ ಸುಖ, ಎಂಬ ಹೊಟ್ಟೆಕಿಚ್ಚು. ಅಷ್ಟೇ. ಥೂ, ಹೇಳಲೂ ಹೇಸಿಗೆಯಾಗುತ್ತದೆ.

ನೋವು ತಾನಾಗಿ ಹೋಯಿತು. ಹೆಸರು ಹೋಗಲಿಲ್ಲ. ಸೋಗಿನ ಶಾಂತಾ — ನಿನ್ನ ಗಂಡನೂ ಹಾಗೇ ಕರೆದ. ಆಮೇಲೆ ಜ್ವರದಲ್ಲಿ ಮೈ ಸುಡುತ್ತಿದ್ದರೂ ನೀನು ಯಾರಿಗೂ ಹೇಳದೆ ಕಸ ಹೊಡೆದದ್ದನ್ನು ಕಂಡಿದ್ದೇನೆ. ಆಗಲೂ ಸುಮ್ಮನಿದ್ದೆ.

ಮೊನ್ನೆ ನಿನ್ನ ಸೊಸೆಗೂ ಹೆರಿಗೆಯಲ್ಲಿ ಅದೇ ಸೂಜಿ, ಅದೇ ನೋವು. ಮಲಗಿದ್ದಕ್ಕೆ ಅತ್ತೆ ಏನನ್ನುತ್ತಾಳೋ ಎಂದು ಅವಳು ಹೆದರಿ ಏಳಲು ಹೋದಾಗ ನೀನು ಭುಜ ಹಿಡಿದು, ನೀರಿನ ತಂಬಿಗೆ ಬಾಯಿಗಿಟ್ಟೆ. "ಏಳಬ್ಯಾಡ ಯವ್ವಾ, ಮಲ್ಕೊ. ನಿನ್ನ ಮಾತು ನಾ ನಂಬ್ತೇನಿ."

ಬಾಗಿಲಲ್ಲಿ ನಿಂತಿದ್ದ ನನಗೆ ಒಳಗೆ ಕಾಲಿಡಲಾಗಲಿಲ್ಲ. ಆ ಮಾತು ಅಂದು ನಾನು ಆಡಬೇಕಿತ್ತು...

ಅತ್ತೆ ಈಗಿಲ್ಲ. ನಿನ್ನ ಗಂಡನಿದ್ದಾನೆ, ಮಕ್ಕಳಿದ್ದಾರೆ. ಕೂಸಿನ ತೊಟ್ಟಿಲಿಗೆ ಎಲ್ಲರೂ ಸೇರಿದಾಗ ಅವರ ಮುಂದೆಯೇ ಹೇಳುತ್ತೇನೆ — ಡಾಕ್ಟರಬಾಯಿ ಹೇಳಿ ಕಳಿಸಿದ್ದಳು, ನಾನು ನುಂಗಿದೆ. ನೀನು ಕ್ಷಮಿಸಬೇಡ, ಶಾಂತಾ. ಅಲ್ಲಿ ಕೂತು ಕೇಳಿಸಿಕೊ, ಸಾಕು.